ಹಕೋನೆಯ ರ್ಯೋಕಾನ್, ಕೋಯಾಸಾನ್‌ನ ಮಠ: ಎರಡು ರಾತ್ರಿಗಳ ಲೆಕ್ಕ

ಅಪ್ಪ ಅಮ್ಮ ಶಿವಮೊಗ್ಗದಿಂದ ಟೋಕಿಯೋದ ನಮ್ಮ ಮನೆಗೆ ಬಂದಾಗ, ಅವರನ್ನು ಒಂದು ರಾತ್ರಿಯಾದರೂ ಹಳೆಯ ಕಾಲದ ಜಪಾನಿ ವಸತಿಯಲ್ಲಿ ಇಳಿಸಬೇಕು ಎಂಬ ಆಸೆ ನನಗಿತ್ತು. ಒಂದರಲ್ಲಿ ಊಟ ಕೆಟ್ಟಿತು, ಹಾಗಾಗಿ ಇನ್ನೊಂದಕ್ಕೂ ಹೋದೆವು. ಮೊದಲನೆಯದು ಹಕೋನೆ ಬೆಟ್ಟದ ರ್ಯೋಕಾನ್, ಬಿಸಿನೀರಿನ ಬುಗ್ಗೆಯ ಮೇಲೆ ಬದುಕುವ ವಸತಿ. ಎರಡನೆಯದು ವಕಾಯಾಮಾ ಪ್ರಾಂತ್ಯದ ಕೋಯಾಸಾನ್‌ನಲ್ಲಿ ಮಠವೇ ನಡೆಸುವ ಅತಿಥಿಗೃಹ, ಅದಕ್ಕೆ ಶುಕುಬೋ ಎನ್ನುತ್ತಾರೆ. ಎರಡರಲ್ಲೂ ತಾತಾಮಿ ಚಾಪೆ, ನೆಲದ ಹಾಸಿಗೆ, ಕಾಗದದ ಬಾಗಿಲು. ಚಿತ್ರದಲ್ಲಿ ನೋಡಿದರೆ ಅಣ್ಣತಮ್ಮಂದಿರು. ಒಳಗೆ ಕಾಲಿಟ್ಟ ಮೇಲೆ ನೆಂಟಸ್ತಿಕೆಯೂ ಕಾಣುವುದಿಲ್ಲ.

ನಾವು ಐವರು. ಅಪ್ಪ ಅಮ್ಮ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು. ಹೆಂಡತಿ ಕುಂದಾಪುರದವಳು, ಮೀನಿಲ್ಲದ ಊಟ ಅವಳ ಲೆಕ್ಕದಲ್ಲಿ ಉಪವಾಸಕ್ಕೆ ಸಮ. ಏಳು ವರ್ಷದ ಮಗಳು ಅಜ್ಜಿಯ ಎದುರು ಅಜ್ಜಿಯ ಪಕ್ಷ, ಅಮ್ಮನ ಎದುರು ಅಮ್ಮನ ಪಕ್ಷ. ನಾನು ಮಧ್ಯದಲ್ಲಿ ನಿಂತು ಅನುವಾದ ಮಾಡುವವನು.

ಊಟದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಜಗಳ ಹುಟ್ಟಿದ್ದು ಅಲ್ಲಿ. ರ್ಯೋಕಾನ್‌ಗೆ ಎರಡು ಸಲ ಇಮೇಲ್ ಬರೆದಿದ್ದೆ: ಇಬ್ಬರಿಗೆ ಮಾಂಸ ಬೇಡ, ಮೀನು ಬೇಡ. ‘ಖಂಡಿತ’ ಎಂಬ ಉತ್ತರವೂ ಬಂದಿತ್ತು. ಸಂಜೆ ಕಿಮೋನೋ ತೊಟ್ಟ ಹೆಂಗಸು ಮಂಡಿಯೂರಿ ಒಂದೊಂದೇ ಬಟ್ಟಲು ಇಡುತ್ತಾ ಹೋದಳು. ಅಮ್ಮ ತಿಳಿಸಾರಿನ ಮುಚ್ಚಳ ತೆಗೆದು, ಒಂದು ಗುಟುಕು ಬಾಯಿಗಿಟ್ಟು, ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. “ಏನೋ ವಾಸನೆ.” ಅದು ದಾಶಿ. ಒಣಗಿಸಿ ಹೊಗೆಯಾಡಿಸಿದ ಮೀನನ್ನು ತೆಳುವಾಗಿ ಹೆರೆದು ಬಿಸಿನೀರಿಗೆ ಹಾಕಿ ಸೋಸಿದ ರಸ. ಜಪಾನಿ ಅಡುಗೆಯವರ ಕಣ್ಣಿನಲ್ಲಿ ಅದು ಮೀನೇ ಅಲ್ಲ, ನಮ್ಮ ಒಗ್ಗರಣೆಯ ಹಾಗೆ ಲೆಕ್ಕಕ್ಕೆ ಬಾರದ್ದು. ಬೇಯಿಸಿದ ಕುಂಬಳಕಾಯಿಯಲ್ಲೂ ಅದೇ, ತೆಂಪುರಾ ಎಂಬ ಬಜ್ಜಿ ಅದ್ದಿಕೊಳ್ಳುವ ರಸದಲ್ಲೂ ಅದೇ. ವಿಷಯ ತಿಳಿದಾಗ ಆ ಹೆಂಗಸು ಹಣೆ ಚಾಪೆಗೆ ತಾಗುವಷ್ಟು ಬಾಗಿ ಕ್ಷಮೆ ಕೇಳಿದಳು, ಅಮ್ಮನಿಗೆ ಸಾರಿಗಿಂತ ಅದೇ ಹೆಚ್ಚು ಸಂಕಟವಾಯಿತು. ಕೊನೆಗೆ ಅನ್ನ, ಉಪ್ಪಿನಲ್ಲಿ ಹಾಕಿದ ಉಮೆಬೋಶಿ ಹಣ್ಣು, ಸೂಟ್‌ಕೇಸಿನಿಂದ ಹೊರಬಂದ ಚಟ್ನಿಪುಡಿ. ಎದುರಿನ ತಟ್ಟೆಯಲ್ಲಿ ಉಪ್ಪು ಸವರಿ ಸುಟ್ಟ ಇಡೀ ಮೀನನ್ನು ಹೆಂಡತಿ ಮುಳ್ಳು ಮಾತ್ರ ಉಳಿಯುವ ಹಾಗೆ ತಿನ್ನುತ್ತಿದ್ದಳು. ಅವಳ ಪ್ರಕಾರ ಅದು ಜಪಾನಿನಲ್ಲಿ ಉಂಡ ಅತ್ಯುತ್ತಮ ಊಟ. ಅವಳದೂ ಸುಳ್ಳಲ್ಲ.

ಕೋಯಾಸಾನ್‌ನಲ್ಲಿ ಇಮೇಲ್ ಬೇಕಾಗಲೇ ಇಲ್ಲ. ಅಲ್ಲಿಯ ಶೋಜಿನ್ ರ್ಯೋರಿಯಲ್ಲಿ, ಅಂದರೆ ಬೌದ್ಧ ಮಠದ ಅಡುಗೆಯಲ್ಲಿ, ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಮೊದಲಿನಿಂದಲೇ ನಿಷಿದ್ಧ. ಸಾರಿನ ರಸ ಬರುವುದು ಕೋಂಬು ಎಂಬ ಕಡಲಪಾಚಿ ಮತ್ತು ಒಣ ಅಣಬೆಯಿಂದ. ತಲೆ ಬೋಳಿಸಿದ ಹುಡುಗ ಭಿಕ್ಷುವೊಬ್ಬ ಕಾಲುಳ್ಳ ಕೆಂಪು ಮಣೆಗಳನ್ನು ತಂದು ಸಾಲಾಗಿ ಇಟ್ಟ. ಎಳ್ಳನ್ನು ಅರೆದು ಕುಜು ಗೆಡ್ಡೆಯ ಹಿಟ್ಟಿನೊಂದಿಗೆ ಕಾಯಿಸಿ ಹೆಪ್ಪುಗಟ್ಟಿಸಿದ ಗೋಮಾ-ದೋಫು ಬಟ್ಟಲಿನಲ್ಲಿ ನಡುಗುತ್ತಿತ್ತು. ಅಮ್ಮ ಕಡ್ಡಿಯಿಂದ ಒಂದು ಚೂರು ಮುರಿದು, “ಬೆಲ್ಲ ಹಾಕದ ಹಾಲುಬಾಯಿ ಕಣೋ ಇದು” ಎಂದರು. ಆಮೇಲೆ ಮಾತಿಲ್ಲ, ಊಟ ಮಾತ್ರ. ಹೆಂಡತಿಯೂ ಎಲ್ಲವನ್ನೂ ಉಂಡಳು, ಆದರೆ ರಾತ್ರಿ ಹತ್ತಕ್ಕೆ ಬ್ಯಾಗಿನಲ್ಲಿ ಕವರು ಸರಪರ ಎನ್ನುವ ಸದ್ದು ಕೇಳಿಸಿತು.

ಸ್ನಾನದಲ್ಲಿ ರ್ಯೋಕಾನ್‌ಗೆ ಎದುರಾಳಿಯೇ ಇಲ್ಲ. ಮಠದಲ್ಲಿದ್ದದ್ದು ಸಾಮಾನ್ಯ ಕಾಯಿಸಿದ ನೀರಿನ ಕೊಳ, ಅದೂ ರಾತ್ರಿ ಒಂಬತ್ತಕ್ಕೆ ಬಂದ್. ಹಕೋನೆಯದು ಗಂಧಕದ ವಾಸನೆಯ ಬುಗ್ಗೆ ನೀರು. ಬಟ್ಟೆಯಿಲ್ಲದೆ ಅಪರಿಚಿತರ ಜೊತೆ ಇಳಿಯಬೇಕು ಎಂದಾಗ ಅಮ್ಮ ನನ್ನ ಮುಖವನ್ನೇ ನೋಡಲಿಲ್ಲ. ಐವತ್ತು ನಿಮಿಷಕ್ಕೆ ಒಂದು ಕುಟುಂಬಕ್ಕಷ್ಟೇ ಬಿಟ್ಟುಕೊಡುವ ಕೊಳವಿದ್ದುದರಿಂದ ಮಾನ ಉಳಿಯಿತು. ಅತ್ತೆ, ಸೊಸೆ, ಮೊಮ್ಮಗಳು ಒಳಗೆ ಹೋದರು. ಮೊದಲು ಪುಟ್ಟ ಮಣೆಯ ಮೇಲೆ ಕುಳಿತು ಮೈ ಪೂರಾ ತೊಳೆದುಕೊಂಡು, ಆಮೇಲಷ್ಟೇ ಕೊಳಕ್ಕೆ ಇಳಿಯಬೇಕೆಂಬ ನಿಯಮವನ್ನು ಅಮ್ಮ ಬಹಳ ಮೆಚ್ಚಿದರು. “ಮಡಿ ಗೊತ್ತಿರುವ ಜನ.” ಹೊರಬಂದಾಗ ಮುಖ ದೀಪಾವಳಿಯ ಎಣ್ಣೆಸ್ನಾನದ ಮರುಗಳಿಗೆಯಂತಿತ್ತು. ಸ್ನಾನದ ಮೇಲೆ ತೊಡುವ ಹತ್ತಿಯ ನಿಲುವಂಗಿ ಯುಕಾತಾವನ್ನು ಬಲದ ಅಂಚು ಮೇಲೆ ಬರುವಂತೆ ಉಟ್ಟಿದ್ದರು. ಅದು ಹೆಣಕ್ಕೆ ಉಡಿಸುವ ಕ್ರಮ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮಗಳ ಕೈಯಲ್ಲಿ ಸರಿಪಡಿಸಿಸಿದೆ.

ಚಳಿಯಲ್ಲೂ ಮಠಕ್ಕೆ ಸೋಲು. ಕೋಯಾಸಾನ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ನಾವು ಹೋದದ್ದು ನವೆಂಬರ್ ಕೊನೆಗೆ. ಕೋಣೆಯಲ್ಲಿ ಸೀಮೆಎಣ್ಣೆ ಹೀಟರು, ರಜಾಯಿ ಹೊದಿಸಿದ ಬಿಸಿ ಮೇಜು ಇದ್ದವು. ಶೌಚಾಲಯ ಮಾತ್ರ ಉದ್ದ ಮೊಗಸಾಲೆಯ ಆ ತುದಿಗೆ. ಅಪ್ಪನ ಮೊಣಕಾಲು ಎರಡು ದಿನ ಮುನಿಸಿಕೊಂಡಿತ್ತು.

ಆದರೂ ಬೆಳಿಗ್ಗೆ ಆರೂವರೆಗೆ ಅಪ್ಪನೇ ಮೊದಲು ಎದ್ದರು. ರ್ಯೋಕಾನ್‌ನಲ್ಲಿ ಬೆಳಗೆಂದರೆ ತಿಂಡಿ, ಹತ್ತಕ್ಕೆ ಕೋಣೆ ಖಾಲಿ ಮಾಡುವುದು, ಅಷ್ಟೇ. ಇಲ್ಲಿ ಪ್ರಾರ್ಥನೆ, ಅದಾದ ಮೇಲೆ ಅಗ್ನಿಕಾರ್ಯ. ಅದರ ಹೆಸರು ಗೋಮಾ, ಅಂದರೆ ನಮ್ಮ ಹೋಮವೇ. (ಎಳ್ಳಿಗೂ ಗೋಮಾ ಎಂದೇ ಹೇಳುತ್ತಾರೆ, ಅದು ಬೇರೆ ಪದ.) ಮಂತ್ರ ಕೊನೆಗೊಳ್ಳುವಾಗ ‘ಸೋವಾಕಾ’ ಎಂದದ್ದು ಮೂರನೆಯ ಸಲಕ್ಕೆ ಅಪ್ಪನ ಕಿವಿಗೆ ಬಿತ್ತು. ನನ್ನ ಮೊಣಕೈ ತಿವಿದು, “ಸ್ವಾಹಾ!” ಎಂದರು, ಪಿಸುಮಾತಿಗಿಂತ ಸ್ವಲ್ಪ ಜೋರಾಗಿಯೇ.

ಆಮೇಲೆ ಇಲ್ಲಿಯ ಹಳೆಯ ಸ್ಮಶಾನ ಒಕುನೋಯಿನ್‌ಗೆ ನಡೆದೆವು. ದೈತ್ಯ ಸೀಡರ್ ಮರಗಳ ನಡುವೆ ಎರಡು ಕಿಲೋಮೀಟರ್ ದಾರಿ, ಇಕ್ಕೆಲದಲ್ಲಿ ಎರಡು ಲಕ್ಷಕ್ಕೂ ಮೀರಿದ ಸಮಾಧಿಗಳು. ಗೆದ್ದಲು ಕೊಲ್ಲುವ ಕಸುಬಿನವರು ಗೆದ್ದಲಿಗಾಗಿ ನಿಲ್ಲಿಸಿದ ಕಲ್ಲೂ ಅಲ್ಲಿದೆ. 816ರಲ್ಲಿ ಚಕ್ರವರ್ತಿಯಿಂದ ಈ ಬೆಟ್ಟ ಪಡೆದು ಮಠ ಸ್ಥಾಪಿಸಿದ ಭಿಕ್ಷು ಕೂಕಾಯ್ 835ರಲ್ಲಿ ತೀರಿಕೊಂಡ ಎಂದು ಇಲ್ಲಿಯವರು ಹೇಳುವುದಿಲ್ಲ. ದಾರಿಯ ಕೊನೆಯಲ್ಲಿರುವ ಅವನ ಸಮಾಧಿಯೊಳಗೆ ಇನ್ನೂ ಧ್ಯಾನದಲ್ಲಿದ್ದಾನೆ ಎನ್ನುತ್ತಾರೆ. ದಿನಕ್ಕೆರಡು ಹೊತ್ತು ಊಟ ಒಯ್ಯುತ್ತಾರೆ. ನಾನು ಇದನ್ನು ವಿವರಿಸಲು ಹೊರಟರೆ ಅಮ್ಮ ತಡೆದರು. “ಮಂತ್ರಾಲಯದ ರಾಯರ ಹಾಗೆ ತಾನೇ? ಗೊತ್ತಾಯಿತು.”

ದಾರಿ, ಖರ್ಚು: ಹಕೋನೆಗೆ ಟೋಕಿಯೋದ ಶಿಂಜುಕು ನಿಲ್ದಾಣದಿಂದ ಒಂದೂವರೆ ಗಂಟೆಯ ರೈಲು, ಆಮೇಲೆ ಹಿಂದೆ ಮುಂದೆ ಓಡುತ್ತಾ ಬೆಟ್ಟ ಹತ್ತುವ ಪುಟ್ಟ ರೈಲು. ಕೋಯಾಸಾನ್‌ಗೆ ಒಸಾಕಾ ತಲುಪಿ, ಇನ್ನೊಂದು ರೈಲು, ಕೇಬಲ್ ಕಾರು, ಬಸ್ಸು. ಟೋಕಿಯೋದಿಂದ ಒಂದು ಇಡೀ ದಿನವೆಂದೇ ಹಿಡಿಯಿರಿ. ಎರಡು ಹೊತ್ತಿನ ಊಟ ಸೇರಿ ತಲೆಗೆ ಹಕೋನೆಯಲ್ಲಿ 28,000 ಯೆನ್ ಕೊಟ್ಟೆವು, ಮಠದಲ್ಲಿ 16,000.

ಅಪ್ಪ ಅಮ್ಮನ ಮತ ಕೋಯಾಸಾನ್‌ಗೆ, ಹೆಂಡತಿ ಮಗಳದು ಹಕೋನೆಗೆ. ನನ್ನದು ಕೋಯಾಸಾನ್, ಆದರೆ ಮೇ ತಿಂಗಳಲ್ಲಿ. ಏಪ್ರಿಲ್‌ಗೆ ಕುಂದಾಪುರದಿಂದ ಅತ್ತೆ ಮಾವ ಬರುತ್ತಿದ್ದಾರೆ. ಅವರಿಗೆ ಹಕೋನೆಯ ಅದೇ ರ್ಯೋಕಾನ್ ಗೊತ್ತು ಮಾಡಿದ್ದೇನೆ. ಈ ಸಲ ಇಮೇಲ್‌ನಲ್ಲಿ ಒಂದೇ ಸಾಲು: ಮೀನು ಸ್ವಲ್ಪ ಹೆಚ್ಚಿಗೇ ಇರಲಿ.