ಶಿವಮೊಗ್ಗದ ಒಂದು ಲ್ಯಾಬಿನ ಹಾರ್ಟ್ ಪ್ಯಾಕೇಜ್: ಎದೆಬಡಿತದ ಚಿಂತೆಗೆ ಇದು ಬೇಡ

ರಕ್ತ ತೆಗೆಯುವ ಕೆಲಸಕ್ಕೆ ಈ ಲ್ಯಾಬಿಗೆ ಪೂರ್ತಿ ಅಂಕ. ಅಪ್ಪಯ್ಯನ ಕೈಯಲ್ಲಿ ನರ ಸಿಗೋದೇ ಕಷ್ಟ, ಅಲ್ಲಿದ್ದ ಹುಡುಗಿ ಒಂದೇ ಸಲಕ್ಕೆ ಮುಗಿಸಿದಳು. ತೀರ್ಥಹಳ್ಳಿ ಕಡೆಯಿಂದ ಮಳೆಯಲ್ಲಿ ಬಸ್ಸು ಹಿಡಿದು ಹೋದವರನ್ನು ಕಾಯಿಸಲೂ ಇಲ್ಲ. ರಿಪೋರ್ಟ್ ಸಂಜೆಗೇ ವಾಟ್ಸಾಪಿಗೆ ಬಂತು.

ತಕರಾರಿರುವುದು ಪ್ಯಾಕೇಜಿನ ಬಗ್ಗೆ. ಎದೆಬಡಿತ ಏರುಪೇರಾಗುವ ಅಪಾಯ ಮೊದಲೇ ಗೊತ್ತಾಗುತ್ತೆ ಅಂತ ಕೌಂಟರಿನಲ್ಲಿ ಹೇಳಿ ಮಾರುತ್ತಾರೆ. ಒಳಗಿರುವುದು ಕೊಲೆಸ್ಟ್ರಾಲ್, ಶುಗರ್, ಜೊತೆಗೆ ಎಚ್‌ಎಸ್-ಸಿಆರ್‌ಪಿ ಅನ್ನೋ ಉರಿಯೂತದ ಪರೀಕ್ಷೆ. ಬಡಿತವನ್ನು ಗೆರೆಯಲ್ಲಿ ಬರೆದು ತೋರಿಸುವ ಇಸಿಜಿ ಇಲ್ಲ! ಬಡಿತದ ಹೆಸರಲ್ಲಿ ದುಡ್ಡು ತಗೊಂಡು ಇಸಿಜಿಯನ್ನೇ ಮಾಡದಿದ್ದರೆ ಹೇಗೆ?

ಅಪ್ಪಯ್ಯನಿಗೆ ಆ ವಾರ ಕೆಮ್ಮು, ಮೈ ಬೆಚ್ಚಗಿತ್ತು. ಜ್ವರ ಇದೆಯಾ ಅಂತ ಯಾರೂ ಕೇಳಲಿಲ್ಲ. ಸಿಆರ್‌ಪಿ 14 ಬಂತು, ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಹೈ ರಿಸ್ಕ್’. ಮನೆಯವರೆಲ್ಲ ಹೆದರಿ ಕೂತೆವು. ಸಿಆರ್‌ಪಿ ಅಂದರೆ ಲಿವರ್ ತಯಾರಿಸುವ ಪ್ರೋಟೀನ್, ಮೈಯಲ್ಲಿ ಎಲ್ಲೇ ಉರಿಯೂತ ಇದ್ದರೂ ಏರುತ್ತೆ, ಗಂಟಲಾದರೂ ಸರಿ, ಕಾಲಿನ ಗಾಯವಾದರೂ ಸರಿ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 3 ದಾಟಿದರೆ ಜಾಸ್ತಿ ಅಂತ ಲೆಕ್ಕ. ಆದರೆ 10 ದಾಟಿತೆಂದರೆ ಮೊದಲು ಸೋಂಕು ಇದೆಯಾ ಅಂತ ನೋಡಬೇಕು, ವಾಸಿಯಾದ ಮೇಲೆ ಮತ್ತೆ ಮಾಡಿಸಬೇಕು. ಇದನ್ನು ಹೇಳಿದ್ದು ನಮ್ಮ ಡಾಕ್ಟರು, ಲ್ಯಾಬಿನವರಲ್ಲ.

ಹಾಗಂತ ಉರಿಯೂತಕ್ಕೂ ಬಡಿತಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಸಿಆರ್‌ಪಿ ಜಾಸ್ತಿ ಇರುವವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವ ತೊಂದರೆ, ಜಾಸ್ತಿ ಕಂಡಿದೆ. 2001ರಲ್ಲೇ ಇದರ ಅಧ್ಯಯನ ಬಂದಿದೆ. ಆದರೆ ಜೀನ್‌ನಿಂದಾಗಿ ಹುಟ್ಟಾ ಸಿಆರ್‌ಪಿ ಜಾಸ್ತಿ ಇರುವವರನ್ನು ನೋಡಿದಾಗ ಅವರಲ್ಲಿ ಈ ತೊಂದರೆ ಹೆಚ್ಚಿರಲಿಲ್ಲ. ಹಾಗಾಗಿ ಸಿಆರ್‌ಪಿಯೇ ಕಾರಣ ಅನ್ನೋಕಾಗಲ್ಲ. ವಯಸ್ಸು, ಬಿಪಿ, ತೂಕ, ಬೀಡಿ ಸಿಗರೇಟು, ಶುಗರ್ ಇವುಗಳಿಂದಲೇ ಅಪಾಯ ಅಂದಾಜು ಮಾಡಬಹುದು, ಅದರ ಮೇಲೆ ಸಿಆರ್‌ಪಿ ಸೇರಿಸಿದರೆ ಅಂದಾಜು ಅಷ್ಟೇನೂ ಸುಧಾರಿಸಲ್ಲ. ಬಿಎನ್‌ಪಿ ಅನ್ನೋ ಬೇರೆ ರಕ್ತಪರೀಕ್ಷೆ ಇದಕ್ಕಿಂತ ಉಪಯೋಗ.

ಈ ಫಿಬ್ರಿಲೇಷನ್ ಇದ್ದರೆ ಸ್ಟ್ರೋಕಿನ ಅಪಾಯ ಸುಮಾರು 5 ಪಟ್ಟು. ಸಿಆರ್‌ಪಿ ನಾರ್ಮಲ್ ಬಂತು ಅಂತ ಇಸಿಜಿ ಮಾಡಿಸದೆ ಮನೆಗೆ ಹೋದವರ ಗತಿ ಏನು? ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಡಾಕ್ಟರು ಮೊದಲು ನಾಡಿ ಹಿಡಿದು ನೋಡಿದರು, ಇಸಿಜಿ ತೆಗೆಸಿದರು, ಹೋಲ್ಟರ್ ಅನ್ನೋ ಸಣ್ಣ ಯಂತ್ರ ಮೈಗೆ ಕಟ್ಟಿ ಇಡೀ ದಿನದ ಬಡಿತ ನೋಡಿದರು. ಫಿಬ್ರಿಲೇಷನ್ ಇರಲಿಲ್ಲ. ಜ್ವರ ಬಿಟ್ಟ ಮೇಲೆ ಸಿಆರ್‌ಪಿ 2ರ ಒಳಗೆ ಬಂತು.

ಶುಗರ್, ಕೊಲೆಸ್ಟ್ರಾಲ್ ಟೆಸ್ಟಿಗೆ ಮತ್ತೆ ಇಲ್ಲಿಗೇ ಹೋಗುತ್ತೇನೆ. ಈ ಪ್ಯಾಕೇಜಿಗೆ ಮಾತ್ರ ಐದರಲ್ಲಿ ಒಂದು ಸ್ಟಾರ್.