ಅಮೆರಿಕನ್ ಪ್ಲಾನೋ, ಹೌಸ್‌ಕೀಪಿಂಗ್ ಕ್ಯಾಬಿನ್ನೋ: ಆಗಸ್ಟ್ ಕೊನೆಯ ಲ್ಯಾಕ್ ಸೂಲ್

ಆಗಸ್ಟ್ ಕೊನೆಗೆ ಕೆನಡಾದ ಒಂಟಾರಿಯೊದಲ್ಲಿರುವ ಲ್ಯಾಕ್ ಸೂಲ್ ಕೆರೆಗೆ ವಾಲ್‌ಐ ಮೀನು ಹಿಡಿಯಲು ಹೊರಟವರು ಯಾರು ಕೇಳಿದರೂ ನಾನು ಹೇಳುವುದು ಒಂದೇ: ಹೌಸ್‌ಕೀಪಿಂಗ್ ಕ್ಯಾಬಿನ್ ತಗೊಳ್ಳಿ. ಊಟ-ತಿಂಡಿಯೆಲ್ಲ ಲಾಡ್ಜ್‌ನವರೇ ಕೊಡುವ ಅಮೆರಿಕನ್ ಪ್ಲಾನ್‌ನಲ್ಲೂ ಇದ್ದು ನೋಡಿದ್ದೇನೆ, ಅಕ್ಕಿ-ಬೇಳೆ ಕಟ್ಟಿಕೊಂಡು ಹೋಗಿ ನಾವೇ ಬೇಯಿಸಿಕೊಳ್ಳುವ ಕ್ಯಾಬಿನ್‌ನಲ್ಲೂ ಇದ್ದೇನೆ. ಎರಡೂ ಇಯರ್ ಫಾಲ್ಸ್ ಊರಿನ ಕಡೆಯವೇ. ಮ್ಯಾನಿಟೋಬಾದ ವಿನ್ನಿಪೆಗ್ ಬಿಟ್ಟು ಒಂಟಾರಿಯೊ ಗಡಿ ದಾಟಿ ಹೈವೇ 17, ವರ್ಮಿಲಿಯನ್ ಬೇಯಲ್ಲಿ 105ಕ್ಕೆ ತಿರುಗಿದರೆ ಆಮೇಲೆ ಬರೀ ಕಾಡು.

ಅಮೆರಿಕನ್ ಪ್ಲಾನ್‌ನಲ್ಲಿ ನನಗೆ ತಡೆಯಲಾಗದೇ ಹೋದದ್ದು ರಾತ್ರಿಯೂಟದ ಗಂಟೆ. ಸಂಜೆ ಆರೂವರೆಗೆ ಗಂಟೆ ಹೊಡೆದರೆ ಎಲ್ಲರೂ ಮೇಜಿನ ಮುಂದೆ ಇರಬೇಕು. ಜೂನ್‌ನಲ್ಲಿ ಇದು ತೊಂದರೆಯೇ ಅಲ್ಲ. ಆಗ ಸೂರ್ಯ ಮುಳುಗುವುದೇ ಒಂಬತ್ತು ಗಂಟೆ ದಾಟಿ, ಉಂಡು ಕೈತೊಳೆದು ಮತ್ತೆ ದೋಣಿ ಹತ್ತಬಹುದು. ಆಗಸ್ಟ್ ಕೊನೆಗೆ ಎಂಟರ ಸುಮಾರಿಗೇ ಹೊತ್ತು ಮುಳುಗುತ್ತದೆ. ನಾವು ಮೀನಿಗಾಗಿ ಹುಡುಕಿಕೊಂಡ ನೀರಡಿಯ ದಿಬ್ಬ ಲಾಡ್ಜ್‌ನಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ. ಅಂದರೆ ಐದೂವರೆಗೇ ಗಾಳ ಸುತ್ತಿಟ್ಟು ಹೊರಡಬೇಕು. ಉಂಡು ವಾಪಸ್ ಹೋಗುವಷ್ಟರಲ್ಲಿ ಕತ್ತಲು, ನೀರೊಳಗಿನ ಬಂಡೆ ಕಾಣದು.

ಹೊತ್ತು ಮುಳುಗುವ ಮುಂಚಿನ ಆ ಎರಡು ಗಂಟೆಯೇ ಈ ಮೀನಿನ ಪ್ರಾಣ. ವಾಲ್‌ಐ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮತ್ತೆ ಒಳಕ್ಕೇ ತಿರುಗಿಸುವ ಪದರ ಇದೆ, ಟಾರ್ಚ್ ಬೆಳಕು ಬಿಟ್ಟರೆ ಬೆಳ್ಳಗೆ ಹೊಳೆಯುತ್ತದೆ. ಮಬ್ಬುಗತ್ತಲಲ್ಲಿ ಅದು ತಿನ್ನುವ ಪರ್ಚ್ ಮೀನಿಗೆ ಕಣ್ಣು ಕಾಣದಿದ್ದಾಗ ಇದಕ್ಕೆ ಚೆನ್ನಾಗಿ ಕಾಣುತ್ತದೆ, ಬೇಟೆಗೆ ಇಳಿಯುವುದೂ ಆಗಲೇ. ಬಿಸಿಲು ಜೋರಾಗಿ ನೀರು ಕನ್ನಡಿಯಂತೆ ನಿಂತ ಮಧ್ಯಾಹ್ನ ಇಪ್ಪತ್ತೈದು ಮೂವತ್ತು ಅಡಿ ಆಳದಲ್ಲಿ ಬಿದ್ದುಕೊಂಡಿದ್ದು, ಸಂಜೆಯಾದಂತೆ ದಿಬ್ಬದ ಅಂಚಿಗೆ ಏರಿ ಬರುತ್ತದೆ. ಅದು ಊಟಕ್ಕೆ ಬರುವ ಹೊತ್ತಿಗೆ ನಾನು ಮೀಟ್‌ಲೋಫ್ ಮುಂದೆ ಕೂತಿರಬೇಕು. ತಟ್ಟೆ ಮುಚ್ಚಿಟ್ಟಿರಿ, ತಣ್ಣಗಾದರೂ ಪರವಾಗಿಲ್ಲ ಅಂತ ಕೇಳಿ ನೋಡಿದೆ. ಏಳೂವರೆಗೆ ಅಡುಗೆಮನೆ ಬಂದ್ ಅಂದರು. ಬೆಳಗ್ಗೆ ನಾಲ್ಕೂವರೆಗೆ ಎದ್ದ ಅಡುಗೆಯವರನ್ನು ಬೈದು ಏನು ಪ್ರಯೋಜನ? ಆದರೆ ಹತ್ತಿರಹತ್ತಿರ ದುಪ್ಪಟ್ಟು ದುಡ್ಡು ಕೊಟ್ಟು ಮೀನು ಕಚ್ಚುವ ಹೊತ್ತಿಗೆ ದಡ ಸೇರುವುದು ನನ್ನಿಂದಾಗದು.

ಅಮೆರಿಕನ್ ಪ್ಲಾನ್‌ನ ಒಂದು ಸುಖ ಒಪ್ಪಲೇಬೇಕು, ಶೋರ್ ಲಂಚ್. ಗೈಡ್ ದಡದಲ್ಲಿ ಬೆಂಕಿ ಹಚ್ಚಿ, ಬೆಳಗ್ಗೆ ಹಿಡಿದ ಮೀನನ್ನು ಆಲೂಗಡ್ಡೆ ಈರುಳ್ಳಿ ಜೊತೆ ಅಲ್ಲೇ ಕರಿದು ಕೊಡುತ್ತಾನೆ. ಬಾಣಲೆಯಲ್ಲಿ ಇರುವುದು ಬಹುಮಟ್ಟಿಗೆ ಹಂದಿ ಕೊಬ್ಬು; ತಿನ್ನದವರು ಮೊದಲೇ ಹೇಳಿ ಎಣ್ಣೆ ತರಿಸಿಕೊಳ್ಳಿ.

ಕ್ಯಾಬಿನ್‌ನಲ್ಲಿ ಮೀನು ಕೊಯ್ಯುವುದೂ ನಮ್ಮದೇ ಕೆಲಸ. ಜಾಲರಿ ಹೊಡೆದ ಪುಟ್ಟ ಶೆಡ್, ಉದ್ದ ಹಲಗೆ, ಒಂದು ಪೈಪು. ತೆಳ್ಳಗಿನ ಚಾಕುವನ್ನು ಕಿವಿರಿನ ಹಿಂದೆ ಇಳಿಸಿ ಬೆನ್ನುಮೂಳೆಗೆ ಒರಗಿಸಿಕೊಂಡೇ ಬಾಲದವರೆಗೆ ಎಳೆದರೆ ಒಂದು ಪಕ್ಕ ಪೂರ್ತಿ ಬರುತ್ತದೆ. ಕೆನ್ನೆಯ ಗುಂಡು ಮಾಂಸ ಬಿಡಬೇಡಿ. ಮನೆಗೆ ಒಯ್ಯುವುದಾದರೆ ಯಾವ ಮೀನೆಂದು ಗುರುತು ಸಿಗುವಂತೆ ಚರ್ಮದ ತುಂಡು ಉಳಿಸಿ. ಈ ಕೆರೆಯಲ್ಲಿ 46ರಿಂದ 53 ಸೆಂ.ಮೀ. ನಡುವಿನ ವಾಲ್‌ಐ ವಾಪಸ್ ನೀರಿಗೇ, ಹಾಗಾಗಿ ಅಳತೆಪಟ್ಟಿ ದೋಣಿಯಲ್ಲೇ ಇರಲಿ.

ರುಚಿ ಹೇಳುವುದಾದರೆ ಬಿಳಿ ಮಾಂಸ, ಸಪ್ಪೆಗೆ ಹತ್ತಿರ, ನಮ್ಮ ಕಾಣೆಯ ಹಾಗೆ. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಸವರಿ ರವೆಯಲ್ಲಿ ಹೊರಳಿಸಿದರೆ ಅಮೆರಿಕನ್ ಪ್ಲಾನ್‌ನ ಯಾವ ಊಟವೂ ಹತ್ತಿರ ಸುಳಿಯದು. ಕುಂದಾಪುರದವಳ ಮಾತು, ಸ್ವಲ್ಪ ಪಕ್ಷಪಾತ ಇದ್ದದ್ದೇ.

ದೋಣಿ, ಮೋಟಾರು ಎರಡು ಕಡೆಯೂ ಒಂದೇ ಥರ. ಗಾಳಕ್ಕೆ ಸಿಕ್ಕಿಸುವ ಎರೆಯಲ್ಲೂ ವ್ಯತ್ಯಾಸವಿಲ್ಲ. ಆಗಸ್ಟ್ ಕೊನೆಗೆ ಜಿಗಣೆ ಸಿಗುವುದು ಕಷ್ಟ, ಎರೆಹುಳ ಸಿಕ್ಕಿಸಿದ ಸ್ಪಿನ್ನರ್ (ನೀರಲ್ಲಿ ತಿರುಗುವ ತಗಡಿರುವ ಗಾಳ) ಎಳೆಯಿರಿ. ಮ್ಯಾನಿಟೋಬಾದಿಂದ ಜೀವಂತ ಮಿನ್ನೋ (ಎರೆಗೆ ಬಳಸುವ ಸಣ್ಣ ಮೀನು), ಜಿಗಣೆ ಒಯ್ಯಬೇಡಿ, ಒಂಟಾರಿಯೊ ಒಳಗೆ ತರಲು ಬಿಡುವುದಿಲ್ಲ.

ಅಪ್ಪ-ಅಮ್ಮ ಊರಿಂದ ಬಂದಾಗ, ಅದೂ ಜೂನ್‌ನಲ್ಲಿ, ಅಮೆರಿಕನ್ ಪ್ಲಾನೇ ಸರಿ. ಅಮ್ಮ ರಜೆಯಲ್ಲೂ ಒಲೆ ಮುಂದೆ ನಿಲ್ಲುವುದು ತಪ್ಪುತ್ತದೆ. ನನಗಂತೂ ರಾತ್ರಿ ಒಂಬತ್ತೂವರೆಗೆ ಉಣ್ಣುವ ಅಭ್ಯಾಸ, ಮುಂದಿನ ಆಗಸ್ಟ್‌ಗೂ ಕ್ಯಾಬಿನ್‌ಗೇ ಮುಂಗಡ ಕಟ್ಟಿದ್ದೇನೆ. ಒಲೆಯ ಎರಡನೇ ಬರ್ನರ್ ರಿಪೇರಿ ಮಾಡಿಸಿಡಿ ಅಂತ ಬರೆದೂ ಆಯಿತು.