ರಾತ್ರಿ ಊಟಕ್ಕೆ ರೊಟ್ಟಿ ಅಂಗಡಿ: ಏನು ಕೊಳ್ಳಬೇಕು, ಏನು ಬಿಡಬೇಕು

ಬೆಂಗಳೂರಿನ ವಿಜಯನಗರದ ಕಡೆ ಓಡಾಡುವವರಿಗೆ ಈ ಅಂಗಡಿ ಕಣ್ಣಿಗೆ ಬಿದ್ದಿರುತ್ತದೆ. ಹೆಸರು ಅಂತ ಏನೂ ಇಲ್ಲ. ಷಟರ್ ಮೇಲೆ ಹಳದಿ ಫ್ಲೆಕ್ಸು, ಅದರಲ್ಲಿ ಕೆಂಪಕ್ಷರದಲ್ಲಿ ‘ಉತ್ತರ ಕರ್ನಾಟಕದ ಜೋಳದ ರೊಟ್ಟಿ ಸಿಗುತ್ತದೆ’ ಅಂತ ಬರೆದಿದೆ, ಅಷ್ಟೇ. ಇಂಥ ಫ್ಲೆಕ್ಸು ಬೆಂಗಳೂರಲ್ಲಿ ಈಗ ಬೇಕಾದಷ್ಟಿವೆ. ಹಾಗಾಗಿ ನಾನು ಬರೆಯುತ್ತಿರುವುದು ಒಂದೇ ಅಂಗಡಿಯ ಬಗ್ಗೆಯಾದರೂ ನಿಮ್ಮ ಬಡಾವಣೆಯ ಅಂಗಡಿಗೂ ಮುಕ್ಕಾಲು ಪಾಲು ಅನ್ವಯಿಸಬಹುದು.

ಮೊದಲೇ ಹೇಳಿಬಿಡುತ್ತೇನೆ. ರೊಟ್ಟಿ ಕೊಳ್ಳಿ, ಹಿಂಡಿ (ಅಂದರೆ ಚಟ್ನಿಪುಡಿ) ಕೊಳ್ಳಿ, ಆಸೆಯಾದಾಗ ಎಣ್ಣೆಗಾಯಿ ಕೊಳ್ಳಿ. ಉಳಿದ ಪಲ್ಯ ಮನೆಯಲ್ಲೇ ಮಾಡಿಕೊಳ್ಳಿ.

ಯಾಕೆ ಅನ್ನೋದಕ್ಕೆ ನಮ್ಮನೆ ಪರಿಸ್ಥಿತಿ ಸ್ವಲ್ಪ ಗೊತ್ತಿರಬೇಕು. ನಾನು ಹಾಸನದ ಕಡೆಯವಳು, ಮುದ್ದೆ ತಿಂದು ಬೆಳೆದವಳು. ನಮ್ಮನೆಯವರದ್ದು ಬಾಗಲಕೋಟೆ ಜಿಲ್ಲೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ರಾತ್ರಿ ತಟ್ಟೆಯಲ್ಲಿ ರೊಟ್ಟಿ ಇಲ್ಲ ಅಂದರೆ ಅವರಿಗೆ ಊಟ ಮಾಡಿದ ಹಾಗೇ ಅನ್ನಿಸಲ್ಲ. ಆದರೆ ಮಣಿಕಟ್ಟಿನ ನೋವು ಶುರುವಾದ ಮೇಲೆ ರೊಟ್ಟಿ ಬಡಿಯೋದು ಬಿಟ್ಟಿದ್ದಾರೆ. ಮಗಳು ಕಾಲೇಜಿಗೆ ಹೋದ ಮೇಲೆ ವೀಗನ್ ಆಗಿದ್ದಾಳೆ. ಹಾಲು, ಮೊಸರು, ತುಪ್ಪ, ಬೆಣ್ಣೆ, ಪನೀರ್ ಯಾವುದೂ ಬೇಡ. ಮಗ ಏಳನೇ ಕ್ಲಾಸು, ಖಾರ ಅಂದರೆ ಓಡುತ್ತಾನೆ. ನಾನು ಕೆಲಸ ಮುಗಿಸಿ ಮನೆ ಸೇರುವಾಗ ಏಳೂವರೆ. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡುತ್ತಾ ಕೂರೋಕೆ ನನ್ನ ಕೈಲಾಗಲ್ಲ. ಎಲ್ಲರೂ ಒಂದೇ ಊಟ ಉಣ್ಣಬೇಕು, ಅದು ಒಂಬತ್ತರೊಳಗೆ ಆಗಬೇಕು.

ಈ ಅಂಗಡಿಯಲ್ಲಿ ಎರಡು ಬಗೆ ರೊಟ್ಟಿ ಇದೆ. ಬಿಸಿ ರೊಟ್ಟಿ ಒಂದಕ್ಕೆ 14 ರೂಪಾಯಿ. ಖಡಕ್ ರೊಟ್ಟಿ, ಅಂದರೆ ಒಣಗಿದ ಗರಿಗರಿ ರೊಟ್ಟಿ, ಹತ್ತರ ಕಟ್ಟಿಗೆ 90.

ಬಿಸಿ ರೊಟ್ಟಿ ಸಂಜೆ ಆರಕ್ಕೆ ಶುರುವಾಗುತ್ತದೆ. ಇಬ್ಬರು ಹೆಂಗಸರು ಕೈಯಲ್ಲೇ ಬಡಿಯುತ್ತಾರೆ. ನಿಮ್ಮ ಸರದಿ ಬರೋ ತನಕ ಮೊಬೈಲ್ ನೋಡಬೇಡಿ, ಅವರ ಕೈ ನೋಡಿ. ಜೋಳದ ಹಿಟ್ಟಿನಲ್ಲಿ ಗೋಧಿಯ ಥರ ಅಂಟು ಇರಲ್ಲ, ಅದಕ್ಕೇ ಕುದಿಯುವ ನೀರು ಹಾಕಿ ಕಲಸಬೇಕು. ಆಮೇಲೆ ಅಂಗೈ ಬುಡದಲ್ಲಿ ಒತ್ತಿ ಒತ್ತಿ ನಾದುತ್ತಾರೆ. ಒಂದು ಸಲಕ್ಕೆ ಒಂದೇ ರೊಟ್ಟಿಯ ಹಿಟ್ಟು ನಾದೋದು, ಜಾಸ್ತಿ ನಾದಿಟ್ಟರೆ ಒಣಗಿ ಬಿರಿಯುತ್ತದೆ. ಕೆಳಗೆ ಒಣ ಹಿಟ್ಟು ಉದುರಿಸಿ ಬಡಿಯೋಕೆ ಶುರು ಮಾಡಿದರೆ ರೊಟ್ಟಿ ತಾನಾಗಿಯೇ ಸುತ್ತು ತಿರುಗುತ್ತಾ ಅಗಲ ಆಗುತ್ತಾ ಹೋಗುತ್ತದೆ. ಹಂಚಿಗೆ ಹಾಕಿದ ತಕ್ಷಣ ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತಾರೆ. ಮೇಲಿನ ಒಣ ಹಿಟ್ಟು ಹೋಗೋದು ಆಗಲೇ. ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಮುಂಚೆ ತಿರುವಿದರೆ ಹಂಚಿಗೆ ಅಂಟುತ್ತದೆ, ತಡ ಆದರೆ ಬಿರುಕು ಬಿಡುತ್ತದೆ. ಕೊನೆಗೆ ಉರಿಗೆ ಹಿಡಿದರೆ ಬುಸ್ ಅಂತ ಉಬ್ಬುತ್ತದೆ.

ಅತ್ತೆಯನ್ನು ಒಂದು ಸಂಜೆ ಕರೆದುಕೊಂಡು ಹೋಗಿದ್ದೆ. ಕಟ್ಟೆ ಹತ್ತಿರ ನಿಂತು ಸುಮ್ಮನೆ ನೋಡಿದರು. ಒಂದು ರೊಟ್ಟಿ ಕೈಗೆ ತಗೊಂಡು ಅಂಚು ಮುಟ್ಟಿದರು, ಮಡಿಚಿದರು, ಮುರೀಲಿಲ್ಲ. ‘ಹಿಟ್ಟು ಹೊಸಾದು ಐತಿ’ ಅಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಐದು ಸ್ಟಾರ್ ಅಂತ ತಿಳಿದುಕೊಳ್ಳಿ. ಆಮೇಲೆ ಒಳಗಿನಾಕೆ ಜೊತೆ ಯಾವೂರು, ಜೋಳ ಎಲ್ಲಿಂದ ತರಿಸ್ತೀರಿ ಅಂತ ಶುರುವಾಯಿತು. ವಿಜಯಪುರದ ಕಡೆಯ ಬಿಳಿ ಜೋಳವಂತೆ, ಮಾಲದಂಡಿ ತಳಿ. ಹಿಂಗಾರಿ ಬೆಳೆ, ಎರೆ ಭೂಮಿಯ ಹಸಿಯ ಮೇಲೇ ಬೆಳೆಯುವಂಥದ್ದು. ಕಾಳು ತರಿಸಿಟ್ಟು ಬೇಕಾದಷ್ಟೇ ಇಲ್ಲಿ ಗಿರಣಿಗೆ ಹಾಕಿಸುತ್ತಾರೆ. ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಹಿಟ್ಟಲ್ಲಿ ರೊಟ್ಟಿ ಯಾಕೆ ಒಡೆಯುತ್ತದೆ ಅನ್ನೋದಕ್ಕೆ ಇದೇ ಉತ್ತರ. ಬೀಸಿ ಬಹಳ ದಿನ ಆದ ಹಿಟ್ಟಿಗೆ ಜಿಗಿ ಇರಲ್ಲ, ಕಹಿ ಬೇರೆ.

ಬಿಸಿ ರೊಟ್ಟಿಯನ್ನು ಆ್ಯಪ್‌ನಲ್ಲಿ ತರಿಸಬೇಡಿ ದಯವಿಟ್ಟು. ಬಿಸಿಬಿಸಿ ಇರುವಾಗಲೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ ಕಳಿಸುತ್ತಾರೆ. ಮನೆಗೆ ಬರುವಷ್ಟರಲ್ಲಿ ಬೆವರಿ, ಒಂದು ಕಡೆ ಹಸಿ, ಇನ್ನೊಂದು ಕಡೆ ಚರ್ಮ. ಬಟ್ಟೆ ತಗೊಂಡು ಹೋಗಿ, ಅದರಲ್ಲಿ ಸುತ್ತಿಸಿಕೊಂಡು ಬನ್ನಿ. ಎಂಟರ ಮೇಲೆ ಹೋದರೆ ಸಿಗೋದು ಅನುಮಾನ, ಮನೆಗೆ ಹೋಗುವ ದಾರಿಯಲ್ಲೇ ತಗೊಳ್ಳುವುದು ವಾಸಿ.

ನನ್ನ ಮಟ್ಟಿಗೆ ಅಂಗಡಿಯ ನಿಜವಾದ ಲಾಭ ಖಡಕ್ ರೊಟ್ಟಿ. ಇವನ್ನು ಮೆಷಿನ್‌ನಲ್ಲಿ ಒತ್ತುತ್ತಾರೆ. ಎಲ್ಲಾ ಒಂದೇ ಅಳತೆ, ಅಂಚು ನುಣ್ಣಗೆ. ಅತ್ತೆಗೆ ಅದು ಸಮಾಧಾನ ಇಲ್ಲ. ‘ಇದು ರೊಟ್ಟಿ ಅಲ್ಲವ್ವಾ, ಹಪ್ಪಳ’ ಅಂತಾರೆ. ಅಂತಾರೆ, ತಿಂತಾರೆ. ನನಗಂತೂ ಇವು ಮನೆಯಲ್ಲಿದ್ದರೆ ಎಷ್ಟು ತಡವಾದರೂ ಊಟದ ಚಿಂತೆ ಇರಲ್ಲ. ಸ್ಟೀಲ್ ಡಬ್ಬಿಯಲ್ಲಿ ಗಾಳಿಯಾಡದ ಹಾಗೆ ಮುಚ್ಚಿಟ್ಟರೆ ವಾರಗಟ್ಟಲೆ ಕೆಡಲ್ಲ. ಫ್ರಿಜ್ಜು ಬೇಡ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದು ನಿಮಿಷ, ಮತ್ತೆ ಗರಿಗರಿ. ಹಲ್ಲು ಗಟ್ಟಿಯಿಲ್ಲದವರಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ, ಪಲ್ಯ ಆಗುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಕಟ್ಟಿನ ತಳದಲ್ಲಿ ಉಳಿಯುವ ಚೂರನ್ನೂ ಎಸೆಯಬೇಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ, ಮೇಲೆ ನೀರು ಚಿಮುಕಿಸಿ ಮುಚ್ಚಿಡಿ, ಲಿಂಬೆಹಣ್ಣು ಹಿಂಡಿ. ಮಗನಿಗೆ ಇದು ಬಿಸಿ ರೊಟ್ಟಿಗಿಂತ ಇಷ್ಟ.

ಪ್ಯಾಕೆಟ್ಟಿನ ಖಡಕ್ ರೊಟ್ಟಿ ಈಗ ಎಲ್ಲಾ ಕಡೆ ಸಿಗುತ್ತದೆ. ಕಲಬುರಗಿ ಜಿಲ್ಲಾಡಳಿತವೇ ಸ್ವಸಹಾಯ ಸಂಘದ ಮಹಿಳೆಯರ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಅಂತ ಬ್ರ್ಯಾಂಡ್ ಮಾಡಿಕೊಟ್ಟಿದೆ, ಒಳ್ಳೆಯ ಕೆಲಸ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ ಮಾಲ್‌ಗಳಲ್ಲೂ ಜೋಳದ ರೊಟ್ಟಿ ಕುಳಿತಿದೆ, ಬೆಲೆ ಮಾತ್ರ ನಮ್ಮ ಅಂಗಡಿಯ ದುಪ್ಪಟ್ಟು. ಪೆಟ್ಟಿಗೆ ಚೆನ್ನಾಗಿದೆ ಅಂತ ದುಪ್ಪಟ್ಟು ಕೊಡೋದು ನನಗಾಗಲ್ಲ.

ಹಿಂಡಿಗೆ ಬರೋಣ. ಶೇಂಗಾ, ಅಗಸಿ, ಗುರೆಳ್ಳು (ನಮ್ಮ ಕಡೆಯ ಹುಚ್ಚೆಳ್ಳು) ಮೂರೂ ಇದೆ, ಕಾಲು ಕೆಜಿಗೆ 100 ರೂಪಾಯಿ ಆಸುಪಾಸು. ಶೇಂಗಾ ಹಿಂಡಿ ಕೊಳ್ಳುವಾಗ ಒಂದು ಚಿಟಿಕೆ ಕೇಳಿ ತಗೊಂಡು ಬೆರಳಲ್ಲಿ ಒತ್ತಿ ನೋಡಿ. ಕುಟ್ಟಿದ ಹಿಂಡಿಯಾದರೆ ಎಣ್ಣೆ ಬಿಟ್ಟುಕೊಂಡು ಉಂಡೆ ಕಟ್ಟುತ್ತದೆ, ನಡುವೆ ಬೆಳ್ಳುಳ್ಳಿ ಚೂರು, ಜೀರಿಗೆ ಕಾಣುತ್ತದೆ. ಮಿಕ್ಸಿಯಲ್ಲಿ ಗರಗರ ತಿರುಗಿಸಿದ್ದಾದರೆ ಹಿಟ್ಟಿನ ಹಾಗೆ ಉದುರುತ್ತದೆ. ಇಲ್ಲಿಯದು ಉಂಡೆ ಕಟ್ಟುತ್ತದೆ. ಬಣ್ಣ ಬ್ಯಾಡಗಿ ಮೆಣಸಿನಕಾಯಿಯದು, ಕೆಂಪು ಜಾಸ್ತಿ, ಖಾರ ಕಮ್ಮಿ, ಹಾಗಾಗಿ ಮಗನೂ ಮುಟ್ಟುತ್ತಾನೆ. ಅಗಸಿಯದೂ ಚೆನ್ನಾಗಿದೆ, ಆದರೆ ಅಗಸಿ ಬೇಗ ಕಮಟು ಹಿಡಿಯುತ್ತದೆ, ಸ್ವಲ್ಪ ಸ್ವಲ್ಪ ಕೊಳ್ಳಿ. ಗುರೆಳ್ಳು ನಮ್ಮನೆಯಲ್ಲಿ ಅತ್ತೆಗೆ ಮಾತ್ರ. ಕಪ್ಪಗೆ, ತುಸು ಕಹಿ. ಅದರ ರುಚಿ ನನಗಿನ್ನೂ ಹಿಡಿಸಿಲ್ಲ.

ಸಾಮಾನ್ಯವಾಗಿ ಹಿಂಡಿಗೆ ಗಟ್ಟಿ ಮೊಸರು ಕಲಸಿಕೊಳ್ಳುತ್ತಾರೆ. ಮಗಳು ಮೊಸರು ಬಿಟ್ಟಾಗ ಇನ್ನೇನು ಗತಿ ಅಂತ ನಾನು ತಲೆ ಕೆಡಿಸಿಕೊಂಡರೆ, ಅತ್ತೆ ಎದ್ದು ಬಂದು ಅವಳ ತಟ್ಟೆಯ ಹಿಂಡಿಯಲ್ಲಿ ಗುಳಿ ಮಾಡಿ ಹಸಿ ಶೇಂಗಾ ಎಣ್ಣೆ ಸುರಿದರು. ‘ನಾವು ಸಣ್ಣಾವರಿದ್ದಾಗ ದಿನಾ ಮಸರು ಎಲ್ಲಿತ್ತು? ಎಣ್ಣಿನ ಹಚ್ಚಿಕೊಂಡು ತಿಂತಿದ್ವಿ.’ ಅಲ್ಲಿಗೆ ವಾದ ಮುಗಿಯಿತು. ಜೋಡಿಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯ ಸೊಪ್ಪು. ವೀಗನ್ ಊಟ ಅಂತ ನಾನು ಬೇರೆ ಮಾಡಬೇಕಾಗಿಯೇ ಬರಲಿಲ್ಲ. (ಬಿ12 ಮಾತ್ರೆ ಮಾತ್ರ ತಪ್ಪಿಸೋ ಹಾಗಿಲ್ಲ. ಅದು ಕಾಳು, ಸೊಪ್ಪಿನಲ್ಲಿ ಸಿಗಲ್ಲ. ಡಾಕ್ಟರ್ ಹೇಳಿದ್ದಾರೆ, ಅವಳೂ ತಗೊಳ್ಳುತ್ತಾಳೆ.)

ಆದರೂ ಅಂಗಡಿಯಲ್ಲಿ ಎರಡು ವಿಷಯ ಕೇಳಿಯೇ ಕೊಳ್ಳಬೇಕು. ಬಿಸಿ ರೊಟ್ಟಿ ಮೇಲೆ ಬೆಣ್ಣೆ ಇಡುವ ರೂಢಿ ಇದೆ, ಬೇಡ ಅಂದರೆ ಬಿಡುತ್ತಾರೆ. ಕಡಲೆಹಿಟ್ಟಿನ ಝುಣಕಕ್ಕೆ ಕೆಲವು ದಿನ ಮಜ್ಜಿಗೆ ಹಾಕುತ್ತಾರೆ, ಕೆಲವು ದಿನ ಇಲ್ಲ. ಕಟ್ಟೆ ಹಿಂದಿನ ಅಕ್ಕ ಈಗ ನನ್ನನ್ನು ನೋಡಿದ ಕೂಡಲೇ ಹೇಳಿಬಿಡುತ್ತಾರೆ: ‘ಇವತ್ತಿಂದ್ರಾಗ ಮಜ್ಜಿಗಿ ಐತ್ರಿ ಅಕ್ಕಾರ, ಮಗಳಿಗೆ ಬ್ಯಾಡ.’ ಇಷ್ಟು ನೆನಪಿಟ್ಟುಕೊಳ್ಳುವ ಹೋಟೆಲ್ ನನಗೆ ಇನ್ನೊಂದು ಸಿಕ್ಕಿಲ್ಲ.

ಪಲ್ಯಗಳಲ್ಲಿ ಎಣ್ಣೆಗಾಯಿಗೆ ಪೂರ್ತಿ ಅಂಕ. ಎಳೆಯ ಸಣ್ಣ ಬದನೆ, ತೊಟ್ಟು ಬಿಟ್ಟು ನಾಲ್ಕು ಸೀಳು. ಒಳಗೆ ಶೇಂಗಾ, ಎಳ್ಳು, ಒಣ ಕೊಬ್ಬರಿ, ಹುಣಸೆ, ಬೆಲ್ಲ. ಮಸಾಲೆ ಕಾಯಿಯ ಒಳಗೇ ನಿಂತಿರುತ್ತದೆ, ರಸಕ್ಕೆ ಬಿದ್ದು ಹೋಗಿರಲ್ಲ. ಕಾಲು ಕೆಜಿಗೆ 80 ರೂಪಾಯಿ. ಐದು ಜನಕ್ಕೆ ಸಾಲದು ಅನ್ನಿಸಿದರೆ ಸ್ವಲ್ಪ ಬಿಸಿನೀರು ಹಾಕಿ ಕುದಿಸಿ, ರಸ ಜಾಸ್ತಿ ಆಗುತ್ತದೆ, ಕೊನೆಗೆ ಅನ್ನಕ್ಕೂ ಕಲಸಿಕೊಳ್ಳಬಹುದು.

ಮಡಿಕೆ ಕಾಳು, ಹೆಸರುಕಾಳಿನ ಪಲ್ಯಗಳು ಸುಮಾರು. ಮಧ್ಯಾಹ್ನ ಮಾಡಿದ್ದನ್ನೇ ಸಂಜೆಗೆ ಬಿಸಿ ಮಾಡುತ್ತಾರೆ. ಬಿಸಿ ಮಾಡುತ್ತಾ ಮಾಡುತ್ತಾ ಉಪ್ಪು ಏರಿರುತ್ತದೆ, ಕಾಳು ಮುದ್ದೆಯಾಗಿರುತ್ತದೆ. ಪುಂಡಿ (ಗೋಂಗುರ) ಸೊಪ್ಪಿನ ಪಲ್ಯ ಸಿಕ್ಕ ದಿನ ಕೊಳ್ಳಬಹುದು, ಹುಳಿ ಇರುವುದರಿಂದ ಸಂಜೆಗೆ ಇನ್ನೂ ರುಚಿಯಾಗಿರುತ್ತದೆ. ದಾಲ್ ಅಂತ ಒಂದು ಕೊಡುತ್ತಾರೆ, ಅದು ಅರಿಶಿನದ ನೀರು. ಕಲಬುರಗಿ ತೊಗರಿಬೇಳೆಗೆ 2019ರಲ್ಲೇ ಜಿಐ ಟ್ಯಾಗ್ (ಆ ಊರಿನದ್ದೇ ವಿಶೇಷ ಅನ್ನುವ ಅಧಿಕೃತ ಗುರುತು) ಸಿಕ್ಕಿದೆ, ಆ ಕಡೆಯವರೇ ನಡೆಸುವ ಅಂಗಡಿಯಲ್ಲಿ ಬೇಳೆಗೆ ಈ ಗತಿ ಬರಬಾರದಿತ್ತು!

ಬೇಳೆ ಪಲ್ಯ ಮನೆಯಲ್ಲಿ ಮಾಡೋಕೆ ಇಪ್ಪತ್ತು ನಿಮಿಷ ಸಾಕು. ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಉದುರಾಗುವ ಹಾಗೆ, ಕರಗದ ಹಾಗೆ ಬೇಯಿಸಿ. ಬಾಣಲೆಯಲ್ಲಿ ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಕೈ ಬಿಚ್ಚಿ ಹಾಕಿ. ಬೆಳ್ಳುಳ್ಳಿ ಕೆಂಪಗಾದ ಮೇಲೆ ಹೆಚ್ಚಿದ ಮೆಂತ್ಯ ಸೊಪ್ಪು, ಅದು ಬಾಡಿದ ಮೇಲೆ ಬೇಳೆ, ಉಪ್ಪು, ಖಾರದಪುಡಿ, ಒಂದು ಚೂರು ಬೆಲ್ಲ. ನೀರು ಹಾಕಬೇಡಿ, ರೊಟ್ಟಿಗೆ ಗಟ್ಟಿಯಾಗಿಯೇ ಇರಬೇಕು. ಹೆಸರುಕಾಳಾದರೆ ಬೆಳಿಗ್ಗೆ ನೆನೆಹಾಕಿ ಹೋದರೆ ರಾತ್ರಿಗೆ ತಯಾರು, ಮೊಳಕೆ ಬೇಕು ಅನ್ನುವವರು ಒಂದು ದಿನ ಮೊದಲೇ ಹಾಕಬೇಕು. ಇದೊಂದು ಪಲ್ಯ, ಅಂಗಡಿಯ ರೊಟ್ಟಿ, ಹಿಂಡಿ, ಹಸಿ ತರಕಾರಿ. ಐದು ಜನ ಹೊಟ್ಟೆ ತುಂಬಾ ಉಂಡರೂ 200 ರೂಪಾಯಿ ದಾಟಲ್ಲ. ಇದೇ ರೊಟ್ಟಿ ಊಟವನ್ನು ಹೋಟೆಲಿನಲ್ಲಿ ಕೂತು ಮಾಡಿದರೆ ಅಷ್ಟರಲ್ಲಿ ಇಬ್ಬರದೂ ಮುಗಿಯಲ್ಲ.

ದೂರುಗಳೂ ಇವೆ. ಕುದಿಯುವ ಪಲ್ಯವನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕುತ್ತಾರೆ. ಡಬ್ಬಿ ಕೊಟ್ಟರೆ ಬೇಸರವಿಲ್ಲದೆ ತುಂಬಿಸಿಕೊಡುತ್ತಾರೆ, ಆದರೆ ನಾವು ಒಯ್ಯಬೇಕು. ಹಿಂಡಿ ಪ್ಯಾಕೆಟ್ ಮೇಲೆ ತಾರೀಖು ಇರಲ್ಲ, ಯಾವಾಗ ಕುಟ್ಟಿದ್ದು ಅಂತ ಬಾಯಲ್ಲೇ ಕೇಳಬೇಕು. ಗಾಡಿ ನಿಲ್ಲಿಸೋಕೆ ಜಾಗವಿಲ್ಲ. ಖಡಕ್ ರೊಟ್ಟಿಯ ಕಟ್ಟಿನಲ್ಲಿ ಒಂದೆರಡು ಒಡೆದಿರುವುದು ಮಾಮೂಲು. ಮೇಲಿನ ಕಟ್ಟು ಬಿಟ್ಟು ಒಳಗಿನದು ಕೊಡಿ ಅಂದರೆ ಕೊಡುತ್ತಾರೆ.

ಅಮಾವಾಸ್ಯೆ ದಿನ ಅಂಗಡಿ ಇರಲ್ಲ, ಕ್ಯಾಲೆಂಡರ್ ನೋಡಿಕೊಂಡು ಹೋಗಿ. ಇಪ್ಪತ್ತಕ್ಕಿಂತ ಜಾಸ್ತಿ ಬಿಸಿ ರೊಟ್ಟಿ ಬೇಕಿದ್ದರೆ ನಾಲ್ಕರೊಳಗೆ ಫೋನ್ ಮಾಡಬೇಕು. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತಾರೆ. ಅದಕ್ಕೆ ವಾರ ಮೊದಲೇ ಹೆಸರು ಬರೆಸಿ ಅರ್ಧ ದುಡ್ಡು ಮುಂಗಡ ಕೊಡಬೇಕು. ಅವತ್ತು ಹೋಗಿ ಕೇಳಿದರೆ ಎಷ್ಟೇ ಪರಿಚಯ ಇದ್ದರೂ ಸಿಗಲ್ಲ.